205ರ ಗೋಡೆಯ ಪೆನ್ಸಿಲ್ ಗೆರೆಗಳು

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 24 ಮನೆಗಳ ಅಪಾರ್ಟ್‌ಮೆಂಟ್. ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಕಟ್ಟಿ 20 ವರ್ಷ ಆಯ್ತು. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನನ್ನು ಅಸೋಸಿಯೇಷನ್ ಕಾರ್ಯದರ್ಶಿ ಮಾಡಿದರು. ನನ್ನಲ್ಲಿ ಏನೋ ಯೋಗ್ಯತೆ ಕಂಡು ಅಲ್ಲ. ಆವತ್ತಿನ ಸಭೆಗೆ ನಾನು ಹತ್ತು ನಿಮಿಷ ತಡವಾಗಿ ಹೋಗಿದ್ದೆ, ಅಷ್ಟೇ.

ಕೈಗೆ ಬಂದದ್ದು ಮೂರು ರಿಜಿಸ್ಟರ್, ಒಂದು ಬೀಗದ ಕೈ ಗೊಂಚಲು ಮತ್ತು 205ರ ಒದ್ದೆ ಗೋಡೆ.

ಎರಡನೇ ಮಹಡಿಯ 205ರಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಅವರ ಮಲಗುವ ಕೋಣೆಯ ಗೋಡೆ ಒಸರುತ್ತಿತ್ತು. ಬಣ್ಣ ಗುಳ್ಳೆ ಎದ್ದು, ಗಾರೆ ಉಪ್ಪು ಬಿಟ್ಟು, ಕೈ ಇಟ್ಟರೆ ಪುಡಿ ಉದುರುತ್ತಿತ್ತು. ಮೇಲಿನ 305ರವರ ಬಾತ್‌ರೂಮೇ ಕಾರಣ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಪಾಪ, ಅವರು 60,000 ರೂಪಾಯಿ ಖರ್ಚು ಮಾಡಿ ಟೈಲ್ಸ್ ಒಡೆಸಿ, ಹೊಸದಾಗಿ ಹಾಕಿಸಿದ್ದರು. ಗೋಡೆ ಮಾತ್ರ ಒಣಗಲಿಲ್ಲ. ಎರಡೂ ಮನೆಯವರು ಮಾತು ಬಿಟ್ಟಿದ್ದರು.

ನನಗೆ ಕಟ್ಟಡದ ಬಗ್ಗೆ ಏನೂ ಗೊತ್ತಿರಲಿಲ್ಲ. ಲೆಕ್ಕ ಬರೆಯೋದು ಗೊತ್ತಿತ್ತು. ಅದಕ್ಕೇ ಅಜ್ಜಿ ಕೈಗೆ ಒಂದು ಪೆನ್ಸಿಲ್ ಕೊಟ್ಟೆ. "ತೇವ ಎಲ್ಲಿವರೆಗೆ ಬಂದಿದೆಯೋ ಅಲ್ಲಿ ಗೆರೆ ಎಳೀರಿ, ಪಕ್ಕದಲ್ಲಿ ತಾರೀಖು ಹಾಕಿ" ಅಂದೆ. ಲೆಕ್ಕ ಸರಳ. ನೀರು ಸರಬರಾಜಿನ ಪೈಪ್ ಒಡೆದಿದ್ದರೆ ಗೋಡೆ ಹಗಲೂ ರಾತ್ರಿ ಒದ್ದೆ ಇರಬೇಕು. ಬಚ್ಚಲ ನೀರಾದರೆ ಮೇಲಿನವರು ಸ್ನಾನ ಮಾಡಿದ ಮೇಲೆ ಜಾಸ್ತಿಯಾಗಬೇಕು. ಮಳೆನೀರಾದರೆ ಮಳೆ ಬಂದಾಗ ಮಾತ್ರ.

ಅಜ್ಜಿ ತಾರೀಖು ಹಾಕಲಿಲ್ಲ. ಒಂಟಿಕೊಪ್ಪಲ್ ಪಂಚಾಂಗ ನೋಡುವ ಕೈ ಅದು. ಗೆರೆಯ ಪಕ್ಕ ಮಳೆ ನಕ್ಷತ್ರದ ಹೆಸರು, 'ಉತ್ತರೆ' ಅಂತ ಬರೆದರು. ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ ಹುಟ್ಟಿದ ಮೇಲೆ 'ಹಸ್ತ, ಎರಡನೇ ದಿನ' ಅಂತ ಇನ್ನೊಂದು. ದಸರಾ ರಜೆಗೆ 305ರವರು ಮನೆಯ ವಾಲ್ವ್ ಬಂದ್ ಮಾಡಿ ಹತ್ತು ದಿನ ಶಿವಮೊಗ್ಗಕ್ಕೆ ಹೋದರು. ಆ ಹತ್ತು ದಿನದಲ್ಲಿ ಮೂರು ರಾತ್ರಿ ಮಳೆ ಹೊಡೆಯಿತು. ತೇವ ಹರಡಿ ಗೆರೆ ನಾಲ್ಕು ಬೆರಳು ಕೆಳಗಿಳಿಯಿತು. ಆ ಬಾತ್‌ರೂಮಿಗೆ ಒಂದು ತೊಟ್ಟು ನೀರೂ ಬಿದ್ದಿರಲಿಲ್ಲ.

ಅವರು ಊರಿಂದ ಬಂದ ಮೇಲೆ ಅಜ್ಜಿಯ ಕೋಣೆಗೆ ಕರೆದು ಗೋಡೆ ತೋರಿಸಿದೆ. ಯಾರೂ ಏನೂ ಮಾತಾಡಲಿಲ್ಲ. ಅಜ್ಜಿ ಕಾಫಿ ಮಾಡಿದರು.

ಹಾಗಾದರೆ ನೀರು ತಾರಸಿಯದ್ದು. ಆದರೆ ತಾರಸಿಯ ನೀರು ಮೂರನೇ ಮಹಡಿ ಬಿಟ್ಟು ಎರಡನೆಯದಕ್ಕೆ ಹೇಗೆ ಬರುತ್ತದೆ? ಮದ್ದೂರು ಕಡೆಯ ಒಬ್ಬ ಹಳೇ ಮೇಸ್ತ್ರಿಯನ್ನು ಜನವರಿಯಲ್ಲಿ ಕರೆಸಿದೆ. ಮಳೆ ಇಲ್ಲದ ಕಾಲ ಆದ್ದರಿಂದ ನಾವೇ ಮಳೆ ತರಿಸಬೇಕಿತ್ತು. ತಾರಸಿಯನ್ನು ನಾಲ್ಕು ಭಾಗ ಮಾಡಿ, ಸಿಮೆಂಟು ಮರಳಿನಲ್ಲಿ ಗೇಣುದ್ದವೂ ಇಲ್ಲದ ಕಟ್ಟೆ ಕಟ್ಟಿ, ಮಳೆನೀರಿನ ಪೈಪ್‌ಗೆ ಗೋಣಿಚೀಲ ತುರುಕಿ ಜೇಡಿಮಣ್ಣು ಮೆತ್ತಿ, ಎರಡು ಇಂಚು ನೀರು ನಿಲ್ಲಿಸಿದೆವು. ಒಂದೊಂದು ಭಾಗಕ್ಕೆ 48 ಗಂಟೆ. ಎಲ್ಲ ಭಾಗಕ್ಕೂ ಒಟ್ಟಿಗೇ ತುಂಬಿಸಿಬಿಡೋಣ ಅಂತ ಕೆಲವರು ಅವಸರ ಮಾಡಿದರು. ಒಂದು ಚದರ ಮೀಟರ್ ಮೇಲೆ ಒಂದು ಇಂಚು ನೀರು ನಿಂತರೆ 25 ಕೆಜಿ ಭಾರ. 20 ವರ್ಷದ ಮೋಲ್ಡ್ ಮೇಲೆ ಸುಮ್ನೆ ಯಾಕೆ ಅಷ್ಟು ಹೇರೋದು?

ಎರಡು ಭಾಗದಲ್ಲಿ ಏನೂ ಆಗಲಿಲ್ಲ. ಮೂರನೆಯದರ ಎರಡನೇ ದಿನ ಬೆಳಗ್ಗೆ ಆರಕ್ಕೆ ಅಜ್ಜಿ ಫೋನ್ ಮಾಡಿದರು. "ಬಾಮ್ಮಾ ಬೇಗ, ಗೋಡೆ ಬೆವರ್ತಾ ಇದೆ."

ಪೈಪ್‌ನ ಬಾಯಿ ನಾವು ಮುಚ್ಚಿದ್ದೆವು, ಒಳಗೆ ನೀರು ಇಳಿಯುವಂತಿರಲಿಲ್ಲ. ಅಂದರೆ ಪೈಪ್‌ಗೂ ಮೋಲ್ಡಿಗೂ ನಡುವಿನ ಸಂದಿಯಿಂದ, ಪೈಪ್‌ನ ಹೊರಮೈ ಹಿಡಿದು ಇಳಿಯುತ್ತಿತ್ತು. 305ರ ಹತ್ತಿರ, ಪೈಪ್‌ಗಳು ಇಳಿಯುವ ಡಕ್ಟ್‌ನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಪೈಪ್ ಮೇಲೆ ಸಣ್ಣ ನೀರಿನ ಎಳೆ ಮಿಂಚುತ್ತಿತ್ತು. ಮೂರನೇ ಮಹಡಿಯಲ್ಲಿ ಅದಕ್ಕೆ ಅಡ್ಡ ಏನೂ ಇಲ್ಲ. ಎರಡನೇ ಮಹಡಿಯಲ್ಲಿ ಪೈಪ್ ಸುತ್ತ ಯಾರೋ ಸಿಮೆಂಟ್ ಮೆತ್ತಿದ್ದರು. ನೀರು ಆ ಸಿಮೆಂಟಿನ ಮೇಲೆ ನಿಂತು ಅಜ್ಜಿಯ ಗೋಡೆಗೆ ಹೊರಳುತ್ತಿತ್ತು. ಮೇಸ್ತ್ರಿ ನಕ್ಕರು. "ಅಮ್ಮಾವ್ರೇ, ಇಷ್ಟಕ್ಕೆ ಆ ಪುಣ್ಯಾತ್ಮರ ಬಚ್ಚಲು ಒಡೆಸಿದ್ರಾ?"

ಆ ಸಂದಿ ಮುಚ್ಚುವುದು ಒಂದು ದಿನದ ಕೆಲಸ. ಆದರೆ ಮೇಸ್ತ್ರಿ ಸುತ್ತಿಗೆ ಹಿಡಿದು ತಾರಸಿಯನ್ನೆಲ್ಲ ಟಕ್ ಟಕ್ ಬಡಿಯುತ್ತಾ ಹೋದರು. ಟೊಳ್ಳು ಸದ್ದು ಬಂದಲ್ಲೆಲ್ಲ ನಾನು ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ತಾರಸಿ ತುಂಬ ಸುತ್ತು. ಸೋಲಾರ್ ಸ್ಟ್ಯಾಂಡಿಗೆ, ಡಿಶ್ ಆಂಟೆನಾಗೆ ಬೋಲ್ಟ್ ಹೊಡೆದ ತೂತುಗಳು ಎಣಿಸಿದರೆ 31. ಪ್ಯಾರಪೆಟ್‌ನಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಚಕ್ಕೆ ಎದ್ದಿತ್ತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ, ಒಳಗಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಅರಳಿ ಗಿಡ. ಬಿರುಕಿಗೆ ಬೇರು ಬಿಟ್ಟಿತ್ತು. ಅರಳಿ ಕಡಿಯಬಾರದು ಅಂತ ಇಬ್ಬರು ಅಡ್ಡ ನಿಂತರು. ಬೇರು ಸಮೇತ ಬಿಡಿಸಿ ಬೇರೆ ಕಡೆ ನೆಡೋದು ಅಂತ ಆಯ್ತು, ನೆಟ್ಟೆವು. ಬದುಕಿದೆ.

ನಾನು ಬರುವ ಮೊದಲೇ ಒಬ್ಬ ಕಂಟ್ರಾಕ್ಟರ್ 90,000 ತೆಗೆದುಕೊಂಡು ತಾರಸಿಗೆ ಬಿಳಿ ಕೋಟಿಂಗ್ ಬಳಿದು ಹೋಗಿದ್ದ. ಪಾಚಿ ಕೆರೆದಿರಲೇ ಇಲ್ಲ. ಈಗ ಉಗುರು ಹಾಕಿದರೆ ಹಾಲಿನ ಕೆನೆಯ ಹಾಗೆ ಏಳುತ್ತಿತ್ತು. ಅದರಿಂದ ಬುದ್ಧಿ ಬಂದಿತ್ತು. ಈ ಸಲ ಕೊಟೇಶನ್ ಕೇಳುವ ಮೊದಲು ಕೆಲಸದ ಪಟ್ಟಿ ನಾವೇ ಬರೆದೆವು: ಎಷ್ಟು ಚದರಡಿ ಟೊಳ್ಳು ಗಾರೆ ಕೀಳಬೇಕು, ವಾಟ ಯಾವ ಕಡೆಗೆ, ಎಷ್ಟು ದಿನ ಕ್ಯೂರಿಂಗ್, ಅಂದರೆ ಹೊಸ ಗಾರೆಯನ್ನು ಒದ್ದೆ ಇಡುವುದು. ಕೊಟೇಶನ್ ಕೇಳಿದ ಮೂವರಿಗೂ ಒಂದೇ ಪಟ್ಟಿ. ಇಲ್ಲದಿದ್ದರೆ ಒಬ್ಬರು ಬರೀ ಬಳಿಯುವುದಕ್ಕೆ ರೇಟ್ ಹೇಳುತ್ತಾರೆ, ಇನ್ನೊಬ್ಬರು ಒಡೆದು ಕಟ್ಟುವುದಕ್ಕೆ, ಹೋಲಿಸೋದು ಹೇಗೆ? ಕೊನೆಗೆ ಅದೇ ಮೇಸ್ತ್ರಿಯ ಜೊತೆ 4,80,000ಕ್ಕೆ ಒಪ್ಪಂದವಾಯಿತು.

ನಮ್ಮ ಕೂಡಿಟ್ಟ ನಿಧಿ, ಅಂದರೆ ಕಾರ್ಪಸ್‌ನಲ್ಲಿ ಇದ್ದದ್ದು 1,90,000.

ನಿಜವಾದ ಕೆಲಸ ಇಲ್ಲಿಂದ ಶುರು. ಬಿಲ್ಡರ್‌ನನ್ನೇ ಹಿಡಿಯೋಣ ಅಂದರು ಒಬ್ಬರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲೂ ಬಿಲ್ಡರ್ ಹೊಣೆ ಇರುವುದು ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ತೋರಿಸಿದ ದೋಷಕ್ಕೆ. ನಮ್ಮದು ಎಂದೋ ಮುಗಿದ ಕಥೆ. ಆಮೇಲೆ ನೆಲಮಹಡಿಯವರು ಎದ್ದರು. "ನಾವು ತಾರಸಿಗೆ ಹತ್ತೋದೇ ಇಲ್ಲ. ಹಪ್ಪಳ ಸಂಡಿಗೆ ಒಣಗಿಸೋರು ಅವರು, ದುಡ್ಡು ಕೊಡೋರು ನಾವಾ?" ಮಾತು ಚೆನ್ನಾಗಿತ್ತು, ನನಗೂ ನಗು ಬಂತು. ಆದರೆ ನಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡಿಕ್ಲರೇಷನ್ ಮಾಡಿಕೊಂಡದ್ದು. ಅದರ ಪ್ರಕಾರ ತಾರಸಿಯೂ ಅಡಿಪಾಯವೂ ಎಲ್ಲರದ್ದು. ಬಳಸುವುದಿಲ್ಲ ಅಂತ ಹೇಳಿ ಖರ್ಚಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ಪುಟವನ್ನು ಓದಿ ಹೇಳಿದೆ. ನಾಳೆ ಸಂಪ್ ಬಿರುಕು ಬಿಟ್ಟರೆ ಮೂರನೇ ಮಹಡಿಯವರೂ ಕೊಡಬೇಕು ಅಂದೆ. ಕಾಯ್ದೆಗಿಂತ ಸಂಪ್‌ನ ಮಾತೇ ಕೆಲಸ ಮಾಡಿತು ಅನ್ನಿಸುತ್ತದೆ.

ಸಮನಾಗಿ ಹಂಚೋಣ ಅಂದವರು ಮೂರು ಬೆಡ್‌ರೂಮ್‌ನವರು. ಬೇಡ ಅಂದವರು ಎರಡು ಬೆಡ್‌ರೂಮ್‌ನವರು. ಕ್ರಯಪತ್ರದಲ್ಲಿ ಪ್ರತಿ ಮನೆಗೂ ನಿವೇಶನದಲ್ಲಿ ಎಷ್ಟು ಅವಿಭಾಜ್ಯ ಪಾಲು ಅಂತ ಬರೆದಿರುತ್ತದೆ, ಅದರಂತೆ ಹಂಚಿ ಮೂರು ಕಂತು ಮಾಡಿದೆ.

ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿ ಮೇ ತಿಂಗಳ ಗುಡುಗು ಮಳೆಗೆ ಮೊದಲು ಮುಗಿಸಿದೆವು. ಕ್ಯೂರಿಂಗ್ ಏಳು ದಿನ ಅಂತ ಕಾಗದದಲ್ಲಿ ಇರುತ್ತದೆ, ಮೈಸೂರಿನ ಬೇಸಿಗೆಯಲ್ಲಿ ಗೋಣಿ ಒದ್ದೆ ಮಾಡೋರು ಯಾರು? ಹಪ್ಪಳದ ವಿಷಯ ಎತ್ತಿದ್ದ ನೆಲಮಹಡಿಯ ಯಜಮಾನರೇ ದಿನಾ ಸಂಜೆ ಹತ್ತಿ ಬಂದು ಪೈಪ್ ಹಿಡಿದರು. ಇನ್ನು ಮೇಲೆ ತಾರಸಿಗೆ ಬೋಲ್ಟ್ ಹೊಡೆಯುವ ಹಾಗಿಲ್ಲ, ಸ್ಟ್ಯಾಂಡ್‌ಗಳೆಲ್ಲ ಕಾಂಕ್ರೀಟ್ ದಿಮ್ಮಿಯ ಮೇಲೆ.

ಮೇಸ್ತ್ರಿಯ ಹಣದಲ್ಲಿ ಹತ್ತನೇ ಒಂದು ಭಾಗವನ್ನು ಮೊದಲೇ ಹೇಳಿ ತಡೆಹಿಡಿದಿದ್ದೆ. ಒಂದು ಮಳೆಗಾಲ ಕಳೆಯಲಿ ಅಂತ. ಚಿತ್ತೆ ಮಳೆ ಮುಗಿದ ಮೇಲೆ 48,000ದ ಚೆಕ್ ಕೊಟ್ಟೆ. 205ರಲ್ಲಿ ಹೊಸ ಗೆರೆ ಬಿದ್ದಿಲ್ಲ. ಪೇಂಟರ್ ಎರಡು ಸಲ ಬಂದು ವಾಪಸ್ ಹೋದ. ಅಜ್ಜಿ ಗೋಡೆ ಮುಟ್ಟಲು ಬಿಡುತ್ತಿಲ್ಲ. "ಇನ್ನೊಂದು ಹಸ್ತ ನೋಡೋಣ ತಾಳಮ್ಮ" ಅನ್ನುತ್ತಾರೆ. ಮೂರನೇ ಕಂತು ಇನ್ನೂ ಒಂದು ಮನೆಯಿಂದ ಬರಬೇಕು.