ಹಗುರ ಕಾರಿಗೆ ಹಗುರ ವಿ8: ನನ್ನ ಅನುಭವ

ನನ್ನ 1978ರ ಎಂಜಿಬಿ ಜಿಟಿ, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಸಣ್ಣ ಸ್ಪೋರ್ಟ್ಸ್ ಕಾರಿನೊಳಗೆ, ಈಗ ರೋವರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಕೂತಿದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಸಣ್ಣ ಗ್ಯಾರೇಜಿನಲ್ಲಿ, ಶನಿವಾರ ಭಾನುವಾರ ಮಾತ್ರ ಕೆಲಸ ಮಾಡಿ ಮುಗಿಸಿದ್ದು. ಹದಿನಾಲ್ಕು ತಿಂಗಳು ಹಿಡಿಯಿತು.

ಇಂಥ ಕೆಲಸ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಹಾರ್ಸ್‌ಪವರ್ ಅಂತ. ನಾನು ಮೊದಲು ನೋಡಿದ್ದು ತೂಕ. ಎಂಜಿಬಿ ಒಂದು ಟನ್ನಿಗಿಂತ ಸ್ವಲ್ಪವೇ ಜಾಸ್ತಿ ತೂಗುವ ಕಾರು. ತಿರುವಿನಲ್ಲಿ ಅದು ಸಲೀಸಾಗಿ ತಿರುಗುವುದೇ ಅದರ ಸುಖ. 1967ರಲ್ಲಿ ಇದೇ ಕಾರಿನ ಬಾಡಿಯೊಳಗೆ 2912 ಸಿಸಿಯ ಆರು ಸಿಲಿಂಡರ್ ಕಬ್ಬಿಣದ ಎಂಜಿನ್ ಹಾಕಿ ಎಂಜಿಸಿ ಅಂತ ತಂದರು. ಶಕ್ತಿ ಬಂತು, ಆದರೆ ಮೂತಿ ಭಾರವಾಯ್ತು. 1969ಕ್ಕೆ ಅದರ ಕಥೆ ಮುಗಿಯಿತು.

ರೋವರ್ ವಿ8 ಹಾಗಲ್ಲ. ಅದರ ಮೂಲ ಅಮೆರಿಕದ ಬ್ಯೂಕ್, 1961ರ ಎಂಜಿನ್. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಅದರ ಹಕ್ಕನ್ನು 1965ರಲ್ಲಿ ರೋವರ್ ಕೊಂಡುಕೊಂಡಿತು. 3528 ಸಿಸಿ ಇದ್ದರೂ ಅದು ಎಂಜಿಬಿಯ 1798 ಸಿಸಿ ಕಬ್ಬಿಣದ ಎಂಜಿನ್ನಿಗಿಂತ ಭಾರವಿಲ್ಲ. ಇದನ್ನು ಕೆನ್ ಕಾಸ್ಟೆಲ್ಲೊ ಎಂಬವರು ಕಂಪನಿಗಿಂತ ಮೊದಲೇ ಕಂಡುಕೊಂಡು, ತಾವೇ ವಿ8 ಎಂಜಿಬಿಗಳನ್ನು ಮಾಡಿ ಮಾರಿದರು. ಆಮೇಲೆ ಕಂಪನಿಯೂ 1973ರಿಂದ 1976ರವರೆಗೆ 2,591 ಜಿಟಿ ವಿ8 ಕಾರುಗಳನ್ನು ಮಾಡಿತು. ಅವು ಈಗ ನನ್ನ ಕೈಗೆ ಎಟುಕುವ ಬೆಲೆಯಲ್ಲಿಲ್ಲ.

1978ರ ಕಾರನ್ನೇ ಯಾಕೆ ಹುಡುಕಿದೆ ಅಂದರೆ, ಕಪ್ಪು ರಬ್ಬರ್ ಬಂಪರಿನ ಈ ಕಾರುಗಳನ್ನು ಜನ ಅಷ್ಟಾಗಿ ಇಷ್ಟಪಡುವುದಿಲ್ಲ. ಆದರೆ ಇವುಗಳ ಎಂಜಿನ್ ಜಾಗವನ್ನು ವಿ8 ಹಿಡಿಸುವ ಹಾಗೇ ಮಾಡಿದ್ದಾರೆ. 1976ರ ಕೊನೆಯಿಂದ ರೇಡಿಯೇಟರನ್ನೂ ಮುಂದಕ್ಕೆ ತಳ್ಳಿದ್ದಾರೆ. ಅರ್ಧ ಕೆಲಸ ಅಲ್ಲೇ ಕಡಿಮೆಯಾಯ್ತು.

ಗುಜರಿಗೆ ಹೊರಟಿದ್ದ ಒಂದು ರೋವರ್ ಎಸ್‌ಡಿ1 ಕಾರಿನಿಂದ ಎಂಜಿನ್ನು, ಐದು ಗೇರಿನ ಗೇರ್‌ಬಾಕ್ಸು ಎರಡನ್ನೂ ತಂದೆ. ಗೇರ್‌ಬಾಕ್ಸ್ ಕೂರಿಸಲು ಕಾರಿನ ನೆಲದ ನಡುವಿನ ಉಬ್ಬನ್ನು (ಟನಲ್) ಒಂದೆರಡು ಕಡೆ ಸುತ್ತಿಗೆಯಿಂದ ತಟ್ಟಬೇಕಾಯ್ತು. ಆಯಿಲ್ ಫಿಲ್ಟರ್ ಇದ್ದಲ್ಲೇ ಇಡಲು ಜಾಗ ಸಾಲದೆ ಪೈಪ್ ಎಳೆದು ಬೇರೆ ಕಡೆ ಕೂರಿಸಿದೆ. ಹೆಚ್ಚು ತಲೆ ತಿಂದಿದ್ದು ಸ್ಟೀರಿಂಗ್. ಬಲಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ (ಹೊಗೆ ಹೊರಬಿಡುವ ಕೊಳವೆಗಳು) ಸ್ಟೀರಿಂಗ್ ಜಾಯಿಂಟಿಗೂ ನಡುವೆ ಒಂದು ಬೆರಳು ಹೋಗುವಷ್ಟೇ ಜಾಗ. ಎಂಜಿನ್ ಓಡುವಾಗ ಅಲ್ಲಾಡುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಅಳೆಯಬೇಕು. ಮೌಂಟಿಂಗ್‌ಗಳನ್ನು ಮೂರು ಸಲ ಬಿಚ್ಚಿ ಹಾಕಿದೆ.

ಇನ್ನು ಬಾನೆಟ್. ಎಸ್‌ಡಿ1ರ ಕಾರ್ಬ್ಯುರೇಟರುಗಳು ಎತ್ತರ, ಹಾಗೇ ಇಟ್ಟರೆ ಬಾನೆಟ್ ಮುಚ್ಚುವುದಿಲ್ಲ. ಕಾಸ್ಟೆಲ್ಲೊ ಬಾನೆಟ್ಟಿಗೆ ಉಬ್ಬು ಕೊಟ್ಟಿದ್ದರು. ನನಗೆ ಸಪಾಟಾದ ಬಾನೆಟ್ಟೇ ಬೇಕಿತ್ತು. ಗಾಳಿ-ಪೆಟ್ರೋಲ್ ಒಳಬಿಡುವ ತಗ್ಗಿನ ಮ್ಯಾನಿಫೋಲ್ಡ್, ಅದರ ಮೇಲೆ ಒಂದೇ ಎಡಲ್‌ಬ್ರಾಕ್ ಕಾರ್ಬ್ಯುರೇಟರ್ ಹಾಕಿದೆ. ಏರ್ ಫಿಲ್ಟರ್ ಮೇಲೆ ಚಪಾತಿ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದೆ. ಹಿಟ್ಟು ಒತ್ತಿ ಆರು ಮಿಲಿಮೀಟರ್ ಉಳಿದಿತ್ತು. ಸಾಕು.

ಮೊದಲ ಸ್ಟಾರ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಬಿಚ್ಚಿ ಜೋಡಿಸಿದ ರೋವರ್ ವಿ8ನ ಆಯಿಲ್ ಪಂಪ್ ಒಣಗಿದ್ದರೆ ತಾನಾಗಿ ಎಣ್ಣೆ ಎಳೆದುಕೊಳ್ಳುವುದಿಲ್ಲ. ನಾನು ಸ್ಪಾರ್ಕ್ ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿದೆ. ಪ್ರೆಶರ್ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಇನ್ನೊಂದು ಸಲ, ಮತ್ತೂ ಸೊನ್ನೆ. ಅಲ್ಲಿಗೇ ನಿಲ್ಲಿಸಿದೆ. ಪಂಪಿನ ತಳದ ಕವರ್ ಬಿಚ್ಚಿ, ಗೇರುಗಳ ಸಂದಿಗೆಲ್ಲ ವ್ಯಾಸಲೀನ್ ಗಟ್ಟಿಯಾಗಿ ತುಂಬಿದೆ. ಗ್ರೀಸ್ ಹಾಕಬೇಡಿ, ಅದು ಎಣ್ಣೆಯಲ್ಲಿ ಕರಗದೆ ದಾರಿಗೆ ಅಡ್ಡ ಕೂರುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದು, ಆ ತೂತಿನಲ್ಲಿ ಉದ್ದನೆಯ ರಾಡ್ ಇಳಿಸಿ ಪಂಪನ್ನು ಡ್ರಿಲ್ಲಿನಿಂದ ತಿರುಗಿಸಿದೆ. ಹತ್ತು ಸೆಕೆಂಡ್ ಡ್ರಿಲ್ ಸುಮ್ನೆ ತಿರುಗಿತು. ಇದ್ದಕ್ಕಿದ್ದಂತೆ ಅದರ ಸದ್ದು ಬದಲಾಯ್ತು, ಕೈಗೆ ಭಾರ ಹತ್ತಿತು. ಮುಳ್ಳು 35 ಪಿಎಸ್‌ಐಗೆ ಬಂದು ನಿಂತಿತು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಹೊಸದು ಹಾಕಿದ್ದರಿಂದ ಸ್ಟಾರ್ಟ್ ಆದ ತಕ್ಷಣ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಮೇಲೇ ಓಡಿಸಿದೆ, ಒಮ್ಮೆಯೂ ಐಡಲಿಗೆ ಬಿಡಲಿಲ್ಲ. ಆ ಸದ್ದಿಗೆ ಪಕ್ಕದ ಮನೆಯವರೂ ಬಂದು ನಿಂತು ನೋಡಿದರು. ನನ್ನ ಕಣ್ಣು ಒದ್ದೆಯಾಗಿತ್ತು.

ಬಲವಾದ ಎತ್ತು ಕಟ್ಟಿದ ಮೇಲೆ ಗಾಡಿಯ ಅಚ್ಚನ್ನೂ ನೋಡಬೇಕು ಅಲ್ವಾ? ಬ್ರೇಕಿಗೆ ಜಿಟಿ ವಿ8ನ ದಪ್ಪ ಡಿಸ್ಕ್, ದೊಡ್ಡ ಕ್ಯಾಲಿಪರ್ ಹಾಕಿದೆ. ಹಿಂದಿನ ಆಕ್ಸಲ್‌ನ ಹಳೆಯ ಅನುಪಾತ 3.909, ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಮೋಟಾರ್‌ವೇಯಲ್ಲಿ 70 ಮೈಲಿ ವೇಗಕ್ಕೆ ಐದನೇ ಗೇರಿನಲ್ಲೂ 3,000 ಆರ್‌ಪಿಎಂ ಆಗುತ್ತಿತ್ತು. ವಿ8ಗೆ ಅಷ್ಟು ತಿರುಗುವ ಅಗತ್ಯವೇ ಇಲ್ಲ. ಫ್ಯಾಕ್ಟರಿ ವಿ8ನ 3.07 ಅನುಪಾತದ ಗೇರ್ ಜೋಡಿ (ಕ್ರೌನ್ ಮತ್ತು ಪಿನಿಯನ್) ಹುಡುಕಿ ಹಾಕಿದ ಮೇಲೆ ಅದು 2,400ರ ಹತ್ತಿರ ಇಳಿಯಿತು. ರೇಡಿಯೇಟರಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು. ಒಂದರಲ್ಲೇ ಆಗುತ್ತದೆ ಅಂದುಕೊಂಡು ಜುಲೈ ತಿಂಗಳ ಟ್ರಾಫಿಕ್‌ನಲ್ಲಿ ಕುದಿಸಿಕೊಂಡಿದ್ದೇನೆ.

ಇನ್ಶೂರೆನ್ಸ್‌ನವರಿಗೆ ಕೆಲಸ ಶುರು ಮಾಡುವ ಮೊದಲೇ ತಿಳಿಸಿ. ಇಲ್ಲಿನ ವಾಹನ ನೋಂದಣಿ ಕಚೇರಿಯಾದ ಡಿವಿಎಲ್‌ಎಗೆ ಹೊಸ ಎಂಜಿನ್ ನಂಬರು, ಸಿಸಿ ಬರೆದು ಕಳಿಸಿ.

ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು ಫಾಸ್ ವೇ ರಸ್ತೆಯಲ್ಲಿ ಇಳಿದು ಸನ್‌ರೈಸಿಂಗ್ ಹಿಲ್ ಹತ್ತಿಸಿದೆ. ಹಳೆಯ ಎಂಜಿನ್ನಿನಲ್ಲಿ ಅಲ್ಲಿ ಗೇರ್ ಇಳಿಸಿ ಒದ್ದಾಡಬೇಕಿತ್ತು. ಈಗ ಕಾಲನ್ನು ಅರ್ಧ ಒತ್ತಿದರೆ ಸಾಕು, ಕಾರು ತನ್ನಷ್ಟಕ್ಕೆ ಏರುತ್ತದೆ. ಮೂತಿಯೂ ಮೊದಲಿನ ಹಾಗೇ ಹಗುರವಾಗಿ ತಿರುಗುತ್ತದೆ. ಒಂದೇ ಕೊರತೆ: ನಿಂತಲ್ಲಿಂದ ಜೋರಾಗಿ ಬಿಟ್ಟರೆ ಹಿಂದಿನ ಆಕ್ಸಲ್ ಕುಪ್ಪಳಿಸುತ್ತದೆ. ಲೀಫ್ ಸ್ಪ್ರಿಂಗ್ ಹಳತಾಗಿವೆ. ಹೊಸದು ತಂದು ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿದ್ದೇನೆ, ಈ ಶನಿವಾರ ಹಾಕಬೇಕು.