ಷರತ್ತು ಅಳಿಸಿ, ಸಾಧನೆ ಎಲ್ಲಿ ಮುರಿಯುತ್ತದೆ ಎಂದು ಕೇಳಿ

ಸೈದ್ಧಾಂತಿಕ ಗಣಕವಿಜ್ಞಾನದಲ್ಲಿ ಮುಂದೆ ಓದುವ ಆಸೆಯಿರುವ ಪದವಿ ವಿದ್ಯಾರ್ಥಿಗಳಿಗೆ ಕಲಿಸುವವರು ಹೀಗೆ ಮಾಡಿ ನೋಡಿ: ಒಂದು ಪ್ರಮೇಯ ಕಲಿಸಿದ ಮೇಲೆ ಅದರ ಒಂದು ಷರತ್ತನ್ನು ಅಳಿಸಿ, ಸಾಧನೆಯ (ಪ್ರಮೇಯ ನಿಜವೆಂದು ತೋರಿಸುವ ವಾದದ) ಯಾವ ಸಾಲು ಕುಸಿಯುತ್ತದೆ ಎಂದು ಕೇಳಿ, ಆಮೇಲೆ ಆದಷ್ಟು ಚಿಕ್ಕ ಪ್ರತಿ ಉದಾಹರಣೆ ಬರೆಸಿ. ಡೈಕ್‌ಸ್ಟ್ರಾ ವಿಧಾನದಲ್ಲಿ (ಜಾಲದ ಒಂದು ಶೃಂಗದಿಂದ, ಅಂದರೆ ಬಿಂದುವಿನಿಂದ, ಉಳಿದವುಗಳಿಗೆ ಅತಿ ಕಡಿಮೆ ದೂರದ ದಾರಿ ಹುಡುಕುವ ಕ್ರಮ) ದಾರಿಗಳ ತೂಕಗಳು ಋಣಾತ್ಮಕವಾಗಬಾರದು ಎಂಬುದನ್ನು ತೆಗೆದರೆ ಮೂರೇ ಶೃಂಗ ಸಾಕು: ಅ, ಬ, ಕ. ಹೊರಡುವುದು 'ಅ' ಶೃಂಗದಿಂದ, ತೂಕಗಳು ಹೀಗಿರಲಿ: ಅ‌ದಿಂದ 'ಬ'ಗೆ 2, ಅ‌ದಿಂದ 'ಕ'ಗೆ 3, 'ಕ'ದಿಂದ 'ಬ'ಗೆ −2. ವಿಧಾನವು ಬ‌ಯ ದೂರವನ್ನು 2 ಎಂದು ಮೊದಲೇ ಮುಗಿಸಿಬಿಡುತ್ತದೆ. ನಿಜವಾದ ದೂರ 1. 'ಸುತ್ತಿ ಬಂದರೆ ದಾರಿ ಕಡಿಮೆಯಾಗದು' ಎಂಬ ಸಾಲೇ ಸಾಧನೆಯ ಜೀವ ಎಂದು ಆಗ ತಾನಾಗಿ ಹೊಳೆಯುತ್ತದೆ. ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಸಾಧನೆ ಬರೆಯುವ ಪ್ರಶ್ನೆಯೇ ಇಲ್ಲ, ಹಾಗಾಗಿ ಅದಕ್ಕಷ್ಟೇ ಓದಿದವರಿಗೆ ಈ ಅಭ್ಯಾಸ ಇರುವುದಿಲ್ಲ. ಸಂಶೋಧನೆಗೆ ಬೇಕಾಗುವುದು ಇದೇ. ಆದರೆ ಈ ಉಪಾಯ ಎಲ್ಲ ಕಡೆ ನಡೆಯದು. 2-ಸ್ಯಾಟ್ ಸಮಸ್ಯೆಯಲ್ಲಿ (ತಲಾ ಎರಡು ಪದಗಳ 'ಅಥವಾ' ಹೇಳಿಕೆಗಳೆಲ್ಲ ಒಟ್ಟಿಗೆ ನಿಜವಾಗುವಂತೆ ಚರಗಳಿಗೆ ನಿಜ ಅಥವಾ ಸುಳ್ಳು ಕೊಡಲಾದೀತೇ ಎಂಬ ಪ್ರಶ್ನೆ; ಇದಕ್ಕೆ ವೇಗದ ವಿಧಾನವಿದೆ) ಎರಡನ್ನು ಮೂರು ಮಾಡಿದರೆ ಸಾಧನೆಯೇನೋ ಮುರಿಯುತ್ತದೆ, ಆದರೆ ಅದರಿಂದ ವೇಗದ ವಿಧಾನವೇ ಇಲ್ಲ ಎಂದಾಗುವುದಿಲ್ಲ; ಅದು ಪಿ ಮತ್ತು ಎನ್‌ಪಿ ಪ್ರಶ್ನೆ (ಉತ್ತರವನ್ನು ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂ ಆಗುತ್ತದೆಯೇ ಎಂಬುದು), ಇನ್ನೂ ಬಗೆಹರಿದಿಲ್ಲ. ಕುಕ್–ಲೆವಿನ್ ಪ್ರಮೇಯದಂಥ ಕಡೆ (ಎನ್‌ಪಿಯ ಯಾವ ಸಮಸ್ಯೆಯನ್ನೂ ಸ್ಯಾಟ್ ಸಮಸ್ಯೆಯಾಗಿ ಬೇಗ ಬದಲಿಸಬಹುದು ಎನ್ನುವುದು) ಅಳಿಸಲು ಷರತ್ತೇ ಸಿಗುವುದಿಲ್ಲ. ಅಲ್ಲಿ ಎರಡು ಮೂರು ಹೆಜ್ಜೆಯ ಪುಟ್ಟ ಟ್ಯೂರಿಂಗ್ ಯಂತ್ರ (ಗಣಕದ ಸರಳ ಗಣಿತ ಮಾದರಿ) ಕೊಟ್ಟು, ಅದರ ಓಟವನ್ನು ಹೇಳುವ ಸೂತ್ರವನ್ನು ಕೈಯಾರೆ ಬರೆಸುವುದೇ ವಾಸಿ.