ಹಳೆ ರೇಷ್ಮೆ ಸೀರೆಗೆ ಕತ್ತರಿ ಹಾಕುವ ಮುಂಚೆ

ಹಬ್ಬ ಹತ್ತಿರ ಬಂತೆಂದರೆ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು. ಅಜ್ಜಿಯ ಹಳೆ ಸೀರೆಯಲ್ಲಿ ಮಗಳಿಗೆ ಲಂಗ ಮಾಡಬೇಕು. ಆಸೆ ಒಳ್ಳೆಯದೇ, ಫೋಟೋನೂ ಚೆನ್ನಾಗೇ ಬರುತ್ತದೆ. ಆದರೆ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತ ಮಗು ಏಳುವ ಹೊತ್ತಿಗೆ ಮಂಡಿ ಹತ್ತಿರ ಲಂಗ ಪರ್ ಎಂದು ಹರಿದಿರುತ್ತದೆ. ಇಂಥದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬೈಗುಳ ಮಾತ್ರ ಟೈಲರ್‌ಗೆ. ಅವರೇನು ಮಾಡುತ್ತಾರೆ ಪಾಪ, ಸೀರೆ ಮೊದಲೇ ಲಡ್ಡಾಗಿತ್ತು, ಯಾರೂ ನೋಡಿರಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಹೊಲಿಗೆಗಿಂತ ಬಟ್ಟೆ ನೋಡುವ ಕೆಲಸವೇ ಜಾಸ್ತಿ. ಲಂಗ ಹೊಲಿಯುವುದು ನಿಜಕ್ಕೂ ಸುಲಭ. ನೇರ ಹೊಲಿಗೆ ಬಂದರೆ ಸಾಕು.

1. ಸೀರೆ ಹುಡುಕುವುದು

ಮೊದಲ ಜಾಗ ಮನೆಯ ಬೀರು. ಅಮ್ಮನದೋ ಅತ್ತೆಯದೋ ಆದರೆ ಬಾಯಿಬಿಟ್ಟು ಕೇಳಿ. "ಅತ್ತೆ, ಇದನ್ನ ಕತ್ತರಿಸಿದ್ರೆ ನಿಮಗೆ ಬೇಜಾರಿಲ್ವಾ?" ಎಂದು ಕೇಳಿದ ಮೇಲೂ ಎರಡು ದಿನ ಬಿಡಿ. ಧಾರೆ ಸೀರೆ ಆದರೆ ಕೇಳಲೇಬೇಡಿ.

ಹೊರಗಿನಿಂದ ಕೊಳ್ಳುವವರಿಗೆ ಈಗ ಆನ್‌ಲೈನ್‌ನಲ್ಲಿ ಉಟ್ಟ ಸೀರೆ ಮಾರುವವರು ಬೇಕಾದಷ್ಟಿದ್ದಾರೆ. ಅವರು ಹಾಕುವ ಸೆರಗಿನ ಫೋಟೋ ನೋಡಿ ಮರುಳಾಗಬೇಡಿ. ಮಡಿಕೆ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡಿದು ತೆಗೆದ ವಿಡಿಯೋ ಕೇಳಿ. ಕಳಿಸಲು ಸಬೂಬು ಹೇಳಿದರೆ ಬಿಟ್ಟುಬಿಡಿ. ಬೆಂಗಳೂರಿನವರು ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಬಜಾರ್‌ಗೆ ಹೋಗಬಹುದು. ಆದರೆ ಜೀನ್ಸು, ಅಂಗಿ ಬೇಕಿದ್ದರೆ ಅಲ್ಲಿಗೆ ಹೋಗಿ. ರೇಷ್ಮೆಯನ್ನು ಆ ನೂಕುನುಗ್ಗಲಿನಲ್ಲಿ ನಿಂತು ಪರೀಕ್ಷೆ ಮಾಡಲಿಕ್ಕಾಗುವುದಿಲ್ಲ.

ಮೊದಲ ಸಲ ಮಾಡುವವರು ಮೈಸೂರು ಸಿಲ್ಕಿನ ಕ್ರೇಪ್ ಮುಟ್ಟಬೇಡಿ. ಕೈಗೆ ಸಿಗದೆ ಜಾರುತ್ತದೆ, ಅಳತೆ ಓರೆಯಾಗುತ್ತದೆ. ದಪ್ಪ ನೇಯ್ಗೆಯ ಕಂಚಿ ಸೀರೆ ಅಥವಾ ಹತ್ತಿ ಬೆರೆತ ಇಳಕಲ್ ಸೀರೆ ತೆಗೆದುಕೊಳ್ಳಿ. ನನ್ನ ಮತ ಇಳಕಲ್‌ಗೆ. ದಡಿ ಗಟ್ಟಿ, ಮೈ ಮೆತ್ತಗೆ, ಮಗುವಿಗೆ ಚುಚ್ಚುವುದೂ ಕಡಿಮೆ.

2. ಬಟ್ಟೆಗೆ ತಾಕತ್ತಿದೆಯೇ ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಹಗಲು ಹೊತ್ತು, ಟ್ಯೂಬ್‌ಲೈಟ್ ಆರಿಸಿ, ಸೀರೆಯನ್ನು ಪೂರ್ತಿ ಬಿಚ್ಚಿ ಚಾಪೆ ಮೇಲೆ ಹರಡಿ.

ರೇಷ್ಮೆ ಮೊದಲು ಸೋಲುವುದು ಮಡಿಕೆಯಲ್ಲಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟಿದ್ದರೆ ಆ ಗೆರೆಯ ಎಳೆಗಳು ಒಣ ಹಪ್ಪಳದ ಹಾಗೆ ಮುರಿದಿರುತ್ತವೆ. ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಒಂದೊಂದೇ ಮಡಿಕೆಯನ್ನು ಕಿಟಕಿಗೆ ಅಡ್ಡ ಹಿಡಿಯಿರಿ. ಗೆರೆಯ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಂಡರೆ ಅಲ್ಲಿ ಬಟ್ಟೆ ಪಿಸಿಯಲು ಶುರುವಾಗಿದೆ.

ಚುಕ್ಕಿ ಕಾಣಲಿಲ್ಲವೆಂದು ಖುಷಿಪಡಬೇಡಿ, ಎಳೆದು ನೋಡಿ. ಮಡಿಕೆಯ ಎರಡೂ ಬದಿ ಹೆಬ್ಬೆರಳು ಊರಿ, ನಡುವೆ ಎರಡು ಇಂಚು ಜಾಗ ಬಿಟ್ಟು, ಗಟ್ಟಿಯಾಗಿ ಎಳೆಯಿರಿ. ಒಮ್ಮೆ ಸೀರೆಯ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಉದ್ದದ ಎಳೆ ಗಟ್ಟಿ ಇದ್ದು ಅಡ್ಡದ ಎಳೆ ಹೋಗಿರಬಹುದು, ಅಥವಾ ಇದಕ್ಕೆ ಉಲ್ಟಾ. ಒಳ್ಳೆಯ ಬಟ್ಟೆ ಒಂಚೂರು ಬಿಗಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಹೋದ ಬಟ್ಟೆಯಲ್ಲಿ ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳಿದ ಜಾಗ ಲಂಗಕ್ಕೆ ಬರುವುದಿಲ್ಲ. ಎಳೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ನೀವು ಎಳೆಯದಿದ್ದರೆ ಮಗು ಎಳೆಯುತ್ತದೆ.

ಉಳಿದ ಜಾಗಗಳನ್ನೂ ನೋಡಿ. ಹೆಗಲಿನ ಹತ್ತಿರ ಪಿನ್ನು ಚುಚ್ಚಿದ ತೂತುಗಳಿರುತ್ತವೆ. ಕೆಳಗಿನ ಅಂಚು ನೆಲಕ್ಕೆ ಉಜ್ಜಿ ಸವೆದಿರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಮೇಲಂಚು ಮಾತ್ರ ಹೆಚ್ಚಿನ ಸೀರೆಗಳಲ್ಲಿ ಹೊಸದರಂತೆಯೇ ಇರುತ್ತದೆ. ಎರಡೂ ಕಡೆ ಒಂದೇ ಅಗಲದ ಅಂಚಿದ್ದರೆ ಮೇಲಿನದನ್ನೇ ಲಂಗದ ಕೆಳಗೆ ಬರುವ ಹಾಗೆ ತಿರುಗಿಸಿಕೊಳ್ಳಬಹುದು. ಆಗ ನವಿಲು, ಮಾವಿನಕಾಯಿ ಬುಟ್ಟಾ ತಲೆಕೆಳಗಾಗದಂತೆ ನೋಡಿಕೊಳ್ಳಿ.

ಹೋದ ಜಾಗಗಳಿಗೆಲ್ಲ ಬಿಳಿ ದಾರದಲ್ಲಿ ಸಡಿಲವಾಗಿ ಒಂದೊಂದು ಹೊಲಿಗೆ ಹಾಕಿ ಗುರುತು ಮಾಡಿ. ಪೆನ್ನು ಬೇಡ, ಹೋಗುವುದಿಲ್ಲ. ಎರಡು ಗುರುತಿನ ನಡುವೆ ಒಟ್ಟಿಗೆ 2 ಮೀಟರ್ ಒಳ್ಳೆಯ ಬಟ್ಟೆ ಸಿಕ್ಕರೆ ಲಂಗ ಆಗುತ್ತದೆ. ಸಿಗದಿದ್ದರೆ ರವಿಕೆ, ಕುಂಚಿಗೆ, ಕೈಚೀಲ, ಏನಾದರೂ ಸಣ್ಣದು ಮಾಡಿ. ಒಳಗೆ ಲೈನಿಂಗ್ ಕೊಟ್ಟರೆ ನಿಲ್ಲುತ್ತದೆ ಎನ್ನುವವರ ಮಾತು ಕೇಳಬೇಡಿ. ಲೈನಿಂಗ್ ಉಳಿಯುತ್ತದೆ, ಮೇಲಿನ ರೇಷ್ಮೆ ಚಿಂದಿಯಾಗುತ್ತದೆ. ವಿಡಿಯೋಗಳಲ್ಲಿ ತೋರಿಸುವ, ಇಸ್ತ್ರಿ ಹಾಕಿದರೆ ಅಂಟಿಕೊಳ್ಳುವ ಕ್ಯಾನ್ವಾಸ್ ಇನ್ನೂ ಕೆಟ್ಟದ್ದು. ಲಂಗ ರಟ್ಟಿನ ಥರ ನಿಲ್ಲುತ್ತದೆ, ತೊಳೆದ ಮೇಲೆ ಗುಳ್ಳೆ ಏಳುತ್ತದೆ.

ರೇಷ್ಮೆ ಹೌದೋ ಅಲ್ಲವೋ ಎಂಬ ಅನುಮಾನ ಇದ್ದರೆ ಅಂಚಿನ ಒಳಗಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಡುಗೆಮನೆಯ ಸಿಂಕಿನ ಮೇಲೆ, ಮಕ್ಕಳು ಇಲ್ಲದಾಗ.

3. ಫಾಲ್ ಬಿಚ್ಚಿ ತೊಳೆಯುವುದು

ಫಾಲ್ ಹಿಡಿದು ಜಗ್ಗಬೇಡಿ, ಅಂಚಿನ ಎಳೆಯೂ ಜೊತೆಗೆ ಬರುತ್ತದೆ. ಸಣ್ಣ ಕತ್ತರಿಯಿಂದ ಮೂರು ಹೊಲಿಗೆಗೆ ಒಂದರಂತೆ ದಾರ ಕತ್ತರಿಸಿದರೆ ಫಾಲ್ ತಾನಾಗಿ ಬಿಡಿಸಿಕೊಳ್ಳುತ್ತದೆ.

ಒದ್ದೆ ಬಿಳಿ ಬಟ್ಟೆಯನ್ನು ಅಂಚಿಗೂ ಮೈಗೂ ಒತ್ತಿ ನೋಡಿ. ಬಣ್ಣ ಹತ್ತಿದರೆ ಡ್ರೈಕ್ಲೀನ್‌ಗೆ ಕೊಡಿ. ಹತ್ತದಿದ್ದರೆ ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ, ನೆರಳಿಗೆ ಹಾಕಿ. ನುಸಿ ಗುಳಿಗೆಯ ವಾಸನೆ ಒಂದೇ ತೊಳೆತಕ್ಕೆ ಹೋಗುವುದಿಲ್ಲ. ಗಾಳಿಯಾಡುವ ಕಡೆ ನಾಲ್ಕೈದು ದಿನ ನೇತುಹಾಕಿ. ಇಸ್ತ್ರಿ ಹಿಂಬದಿಯಿಂದ, ಜರಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಕಿ. ಪ್ಲಾಸ್ಟಿಕ್ ಜರಿ ಬಿಸಿಗೆ ಸುರುಟಿಕೊಳ್ಳುತ್ತದೆ, ಮೊದಲು ಮೂಲೆಯಲ್ಲಿ ನೋಡಿಕೊಳ್ಳಿ.

ಈ ಹಂತದಲ್ಲಿ ಅಂಚು ಕಪ್ಪಾಗಿದೆ ಎಂದು ಬೇಸರಪಟ್ಟು ಬೀದಿಯಲ್ಲಿ ಬರುವ ಜರಿ ಕೊಳ್ಳುವವರಿಗೆ ಕೊಟ್ಟುಬಿಡುವವರಿದ್ದಾರೆ. ಕಪ್ಪಾಗಿದೆ ಎಂದರೆ ಅದರಲ್ಲಿ ಬೆಳ್ಳಿ ಇರಬಹುದು. ಮೈಸೂರು ಸಿಲ್ಕಿನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಕೊಳ್ಳುವವರು ಸುಮ್ಮಸುಮ್ಮನೆ ಬಿಸಿಲಿನಲ್ಲಿ ಸುತ್ತುವುದಿಲ್ಲ, ಅಲ್ವಾ?

4. ಅಳತೆ

ಐದು ವರ್ಷದ ಮಗುವಿನ ಲೆಕ್ಕ ಹೇಳುತ್ತೇನೆ. ನಿಮ್ಮ ಮಗುವನ್ನು ನಿಲ್ಲಿಸಿ ಅಳೆದುಕೊಳ್ಳಿ. ಸೊಂಟ 22 ಇಂಚು ಇದ್ದರೆ ಪಟ್ಟಿ 26 ಇಂಚು ಇರಲಿ, ಲಾಡಿ ಹಾಕಿ ಬಿಗಿದುಕೊಳ್ಳಬಹುದು. ಎಲಾಸ್ಟಿಕ್ ಬೇಡ. ರೇಷ್ಮೆ ನೆರಿಗೆಯನ್ನು ಅದು ಮುದ್ದೆ ಮಾಡುತ್ತದೆ. ನೆರಿಗೆಗೆ ಪಟ್ಟಿಯ ಮೂರರಷ್ಟು ಬಟ್ಟೆ, ಅಂದರೆ 78 ಇಂಚು, ಸರಿಸುಮಾರು 2 ಮೀಟರ್.

ಉದ್ದ 24 ಇಂಚು ಅಂತ ಇಟ್ಟುಕೊಳ್ಳಿ. ಪಟ್ಟಿಗೆ ಸೇರಿಸಲು 1 ಇಂಚು. ಮಗು ಬೆಳೆದಂತೆ ಬಿಡಿಸಲು ಒಂದೊಂದು ಇಂಚಿನ ಎರಡು ಟಕ್, ಅಂದರೆ ಅಡ್ಡಕ್ಕೆ ಮಡಚಿ ಹೊಲಿದ ಮಡಿಕೆ. ಒಂದು ಟಕ್ ಎರಡು ಇಂಚು ಬಟ್ಟೆ ತಿನ್ನುತ್ತದೆ, ಹಾಗಾಗಿ 4 ಇಂಚು. ಒಟ್ಟು 29. ಕೆಳಗೆ ಸೀರೆಯ ಅಂಚೇ ಬರುವುದರಿಂದ ಮಡಚಿ ಹೊಲಿಯುವ ಲೆಕ್ಕ ಇಲ್ಲ. ಸೀರೆಯ ಅಗಲ ಸುಮಾರು 46 ಇಂಚು. ಮೇಲೆ ಉಳಿಯುವ 17 ಇಂಚಿನಲ್ಲಿ ರವಿಕೆ ಆಗುತ್ತದೆ.

5. ಕತ್ತರಿಸುವುದು

ಸ್ಕೇಲಿಟ್ಟು ಗೆರೆ ಎಳೆದರೆ ಹಳೆ ಸೀರೆಯಲ್ಲಿ ನೇರ ಬರುವುದಿಲ್ಲ, ಉಟ್ಟು ಉಟ್ಟು ಬಟ್ಟೆ ಎಳೆದುಕೊಂಡಿರುತ್ತದೆ. ಕತ್ತರಿಸಬೇಕಾದ ಕಡೆ ಒಂದು ಎಳೆಯನ್ನು ಸೂಜಿಯಿಂದ ಎತ್ತಿ ಮೆಲ್ಲಗೆ ಎಳೆಯಿರಿ. ಆ ಎಳೆ ಬಿಟ್ಟುಹೋದ ಜಾಗದಲ್ಲಿ ತೆಳು ಗೆರೆ ಕಾಣುತ್ತದೆ. ಕತ್ತರಿ ಅದರ ಮೇಲೆಯೇ ನಡೆಯಲಿ.

6. ಹೊಲಿಯುವುದು

ಲೈನಿಂಗ್‌ಗೆ ಅಂಗಡಿಯ ಹೊಳೆಯುವ ಅಗ್ಗದ ಬಟ್ಟೆ ತರಬೇಡಿ. ಬೆವರು ಹೀರುವುದಿಲ್ಲ, ಕಾಲಿಗೆ ಅಂಟುತ್ತದೆ, ಮಗು ಅರ್ಧ ಗಂಟೆಯಲ್ಲಿ ಬಿಚ್ಚು ಎಂದು ಅಳುತ್ತದೆ. ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯ ಲೈನಿಂಗ್ ಇಲ್ಲ. ನೂರು ಸಲ ನೀರು ಕಂಡಿರುತ್ತದೆ, ಇನ್ನು ಕುಗ್ಗುವುದಿಲ್ಲ. ಲಂಗಕ್ಕಿಂತ ಒಂದು ಇಂಚು ಗಿಡ್ಡ ಇರಲಿ. ಕೆಳಗೆ ಎರಡನ್ನೂ ಸೇರಿಸಬೇಡಿ, ಲೈನಿಂಗ್‌ಗೂ ಬೇರೆಯಾಗಿ ಟಕ್ ಹಾಕಿ.

ಮಿಷನ್ನಿಗೆ 11ನೇ ನಂಬರ್ ಸೂಜಿ, ಅದೂ ಹೊಸದು. ದಪ್ಪ ಸೂಜಿಯ ತೂತು ರೇಷ್ಮೆಯಲ್ಲಿ ಮುಚ್ಚುವುದಿಲ್ಲ. ಇದೇ ಕಾರಣಕ್ಕೆ ಟಕ್‌ಗಳನ್ನು ಅಂಚಿನ ಸ್ವಲ್ಪ ಮೇಲೆ, ಒಳಮುಖವಾಗಿ, ಕೈಯಲ್ಲೇ ಹಾಕಿ. ಮುಂದಿನ ವರ್ಷ ಬಿಚ್ಚುವಾಗ ಗುರುತು ಉಳಿಯುವುದಿಲ್ಲ. ಗುಂಡುಪಿನ್ನನ್ನು ಹೊಲಿಗೆಯ ಒಳಭಾಗಕ್ಕೆ ಮಾತ್ರ ಚುಚ್ಚಿ. ಪಕ್ಕ ಸೇರಿಸಿ, ನೆರಿಗೆ ಹಿಡಿದು, ಪಟ್ಟಿ ಕೂರಿಸಿ, ಲಾಡಿ ಹಾಕಿ.

7. ರವಿಕೆ

ಕಂಕುಳು, ಕುತ್ತಿಗೆಯ ಕಟಿಂಗ್ ಬಾರದವರು ಇದೊಂದನ್ನು ಟೈಲರ್‌ಗೆ ಕೊಡುವುದೇ ಸರಿ. ಎರಡೂ ಪಕ್ಕ ಒಂದೊಂದು ಇಂಚು ಒಳಗೆ ಬಿಡಲು ಹೇಳಿ. ತೋಳಿನ ತುದಿಗೆ ಅಂಚು ಬರಲಿ, ಆದರೆ ಜರಿಯ ಒರಟು ಹಿಂಬದಿ ಮೈಗೆ ತಾಗದಂತೆ ತೋಳಿಗೂ ಹತ್ತಿ ಬಟ್ಟೆ ಕೊಡಿಸಿ. ಉಳಿದ ತುಂಡುಗಳನ್ನು ವಾಪಸ್ ಕೊಡಬೇಕೆಂದು ಬಟ್ಟೆ ಕೊಡುವಾಗಲೇ ಹೇಳಿ, ಚೀಟಿಯ ಮೇಲೆ ಬರೆಸಿ. ನಾಳೆ ಎಲ್ಲೋ ಒಂದು ಕಡೆ ಲಂಗ ಹರಿದರೆ ಅದೇ ಬಣ್ಣದ ತೇಪೆ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.